ಸ್ಟಿಯರಿಂಗ್ ಮುಟ್ಟದ ಡ್ರೈವರ್

ತಾನೇ ಓಡುವ ಗಾಡಿಯೊಂದನ್ನು ಕಲಬುರಗಿಯ ರಸ್ತೆಗೆ ಇಳಿಸಿದ ಮೇಲೆ, ಏನೂ ಆಗದೆ ಮನೆಗೆ ಬಂದ ದಿನ ಅಂತ ನನಗೆ ಒಂದೂ ನೆನಪಿಲ್ಲ. ಅಪಘಾತದ ಮಾತಲ್ಲ, ಅದಾದರೆ ಪೊಲೀಸರು ಬರೆದುಕೊಳ್ಳುತ್ತಾರೆ. ಪೊಲೀಸರೂ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಕಿಸೆಗೆ ಸೇರಿಸಿಕೊಂಡು ಹೋದಂಥ ಸಂಗತಿಗಳು ಇವು.

ನನ್ನ ಕಾಲಿಗೆ ಒಂದೂರಿನಲ್ಲಿ ನಿಲ್ಲುವ ಅಭ್ಯಾಸವಿಲ್ಲ. ರಸ್ತೆ ಸಂಚಾರದ ಕಾಯ್ದೆಗಳನ್ನು ಓದಿ, ಗಾಡಿ ತಯಾರಿಸುವವರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳುವುದು ನನ್ನ ಕಸುಬು. ಅದೇ ನೆಪದಲ್ಲಿ ದೇಶ ದೇಶ ಸುತ್ತಿದ್ದೇನೆ. ಡ್ರೈವರ್ ಇಲ್ಲದ ಟ್ಯಾಕ್ಸಿಗಳ ಹಿಂದಿನ ಸೀಟಿನಲ್ಲಿ ಕೂತು ಹಾಯಾಗಿ ನಿದ್ದೆ ಮಾಡಿದ್ದೇನೆ. ಅಲ್ಲೆಲ್ಲ ರಸ್ತೆಯ ಜನ ಅಂಥ ಗಾಡಿಯನ್ನು ತಿರುಗಿಯೂ ನೋಡುವುದಿಲ್ಲ. ನಾನು ಹುಟ್ಟಿ ಬೆಳೆದ ಕಲಬುರಗಿಯಲ್ಲೇ ಅಂಥದ್ದೊಂದು ತಯಾರಾಗುತ್ತಿದೆ ಅಂತ ಕೇಳಿದಾಗ, ಅದರ ಕಾಯ್ದೆಯ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಅಂತ, ಬಿಚ್ಚದೇ ಇದ್ದ ಬ್ಯಾಗನ್ನು ಹಾಗೇ ಎತ್ತಿಕೊಂಡು ಬಂದೆ.

ಊರಾಚೆಯ ನಂದೂರಿನಲ್ಲಿ ಒಂದು ದಾಲ್ ಮಿಲ್ಲಿನ ಪಕ್ಕ ಒಂದು ಶೆಡ್ಡು. ಯಜಮಾನ ಒಬ್ಬ ಇಂಜಿನಿಯರ್. ಒಳಗೆ ಹತ್ತು ಸೀಟಿನ ಬಿಳಿ ವ್ಯಾನು. ಕಮಲಾಪುರದ ಕಡೆಯ ರೋಗಿಗಳನ್ನು ಬೆಳಿಗ್ಗೆ ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗಳಿಗೆ ಕರೆತಂದು ಸಂಜೆ ವಾಪಸು ಮುಟ್ಟಿಸಬೇಕು, ಅದು ಅದರ ಕೆಲಸ. ಪರವಾನಗಿ ಸಿಕ್ಕಿದ್ದು ಸದ್ಯಕ್ಕೆ ಪ್ರಯೋಗಕ್ಕೆ ಮಾತ್ರ. ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇದ್ದವರೊಬ್ಬರು ಕೂತಿರಲೇಬೇಕು. ಹಾಗೆ ಕೂತವರು ಜೀವಕ್ಕೆ ಅಪಾಯ ಬರದ ಹೊರತು ಏನನ್ನೂ ಮುಟ್ಟಲೇಬಾರದು. ಕೊನೆಗೆ ಪರೀಕ್ಷಕರೊಬ್ಬರು ಬಂದು, ಕಮಲಾಪುರದಿಂದ ಸೇಡಂ ರಸ್ತೆಯವರೆಗೆ ಕೂತು ನೋಡುತ್ತಾರೆ. ಆವತ್ತು ಕಾರಣವಿಲ್ಲದೆ ಸ್ಟಿಯರಿಂಗಿಗೆ ಕೈ ಹೋದರೆ ಗಾಡಿ ನಪಾಸು, ಶೆಡ್ಡಿಗೆ ಬೀಗ.

ಆ ಸೀಟಿಗೆ ಸಿಕ್ಕವನು ಕಮಲಾಪುರ ಮತ್ತು ಕಲಬುರಗಿಯ ನಡುವೆ ಕ್ರೂಸರ್ ಜೀಪು ಓಡಿಸಿ ಹೆಸರಾದ ಡ್ರೈವರ್. ವರ್ಷಗಟ್ಟಲೆ ಕ್ಲಚ್ಚು ಒತ್ತಿ ಒತ್ತಿ ಸೊಂಟ ಹೋಗಿತ್ತು. ಇನ್ನು ಗಾಡಿ ಹೊಡೆಯಕೂಡದು ಅಂತ ಡಾಕ್ಟರು ಖಡಕ್ಕಾಗಿ ಹೇಳಿದ್ದರು.

"ಅಕ್ಕಾರ, ಡ್ರೈವರ್ ಸೀಟಿನ್ಯಾಗ ಕುಂತು ಡ್ರೈವಿಂಗ್ ಮಾಡಬಾರದು ಅನ್ನೋ ನೌಕರಿ ಇಡೀ ದುನಿಯಾದಾಗ ಇದೊಂದ ಅದರಿ," ಅಂದ ಮೊದಲ ದಿನ. "ಇದೂ ಹೋತಂದ್ರ ನಾ ಪ್ಯಾಸೆಂಜರ್ ಆಗಬೇಕಾಗ್ತದ."

ಪ್ಯಾಸೆಂಜರ್ ಎನ್ನುವಾಗ ಆತನ ಮುಖ ನೋಡಬೇಕಿತ್ತು. ಯಾರೋ ಆತನ ಮೀಸೆ ಬೋಳಿಸುತ್ತೇನೆ ಅಂದ ಹಾಗೆ.

ನಾಲ್ಕು ನಿಂಬೆಹಣ್ಣು

ಗಾಡಿ ಹೊರಗೆ ಹೊರಡುವ ಮೊದಲ ದಿನ ಡ್ರೈವರನ ಹೆಂಡತಿ ತೆಂಗಿನಕಾಯಿ, ಕುಂಕುಮ, ನಿಂಬೆಹಣ್ಣು ಹಿಡಿದು ಶೆಡ್ಡಿಗೆ ಬಂದಳು. ಪೂಜೆ ಆಗದೆ ಗಾಲಿ ಉರುಳಬಾರದು ಅಂತ ಆಕೆಯ ಹಟ. ಇಂಜಿನಿಯರ್ ಕೂಡ ಮನೆಯಲ್ಲಿ ತಾಯಿ ಇದ್ದವನೇ, ಒಪ್ಪಿದ.

ಕಾಯಿ ಒಡೆದಾಯಿತು. ಮುಂದಿನ ಗಾಲಿಗಳ ಎದುರಿಗೆ ಎರಡೆರಡು ನಿಂಬೆಹಣ್ಣು ಇಟ್ಟಾಯಿತು. ಎಲ್ಲರೂ ಕೈಮುಗಿದು ನಿಂತೆವು. ಇಂಜಿನಿಯರ್ ಗುಂಡಿ ಒತ್ತಿದ. ವ್ಯಾನು ಗುಂಯ್ ಅಂದಿತು, ಅಲ್ಲೇ ನಿಂತಿತು. ಮುಂದೆ ಅಡೆತಡೆ ಇದೆ ಅಂತ ಪರದೆಯ ಮೇಲೆ ಅಕ್ಷರ ಮೂಡಿತು.

"ನಿಂಬಿಹಣ್ಣಿಗೆ ಅಂಜತದೇನ್ರಿ ಇದು?" ಅಂದಳು ಹೆಂಡತಿ.

"ಅಂಜಂಗಿಲ್ರಿ ಅಕ್ಕಾ. ರಸ್ತೆದಾಗ ಏನ ಬಿದ್ದಿದ್ರೂ ತುಳೀಬಾರದು ಅಂತ ಕಲಿಸೀವಿ," ಅಂದ ಇಂಜಿನಿಯರ್.

"ತುಳೀಲಿ ಅಂತನ ಇಟ್ಟೀನಲ್ರೀ!"

"ತುಳೀಲಿ ಅಂತ ಇಟ್ಟದ್ದು ಯಾವುದು, ತುಳೀಬಾರದ್ದು ಯಾವುದು ಅಂತ ಅದಕ್ಕ ಹ್ಯಾಂಗ ತಿಳೀಬೇಕ್ರಿ?"

ಅಷ್ಟರಲ್ಲಿ ವ್ಯಾನು ತಾನಾಗಿ ಹಿಂದೆ ಸರಿದು, ನಿಂಬೆಹಣ್ಣುಗಳನ್ನು ಸುತ್ತಿ ಬಳಸಿಕೊಂಡು ಹೋಗಲು ನೋಡಿತು. ಆಕೆ ಬಿಡುವವಳೇ? ಹಣ್ಣು ಎತ್ತಿ ಮತ್ತೆ ಮುಂದೆ ಇಟ್ಟಳು. ಅದು ಮತ್ತೆ ನಿಂತಿತು, ಮತ್ತೆ ಬಳಸಿತು. ಹೀಗೇ ಇಬ್ಬರೂ ಅಂಗಳವನ್ನು ಪೂರ್ತಿ ಒಂದು ಸುತ್ತು ಹಾಕಿದರು. ಮಿಲ್ಲಿನ ಹಮಾಲರೆಲ್ಲ ಚೀಲ ಇಳಿಸಿ ನೋಡುತ್ತ ನಿಂತರು. ಕಡೆಗೆ ಡ್ರೈವರ್ ಕೆಳಗಿಳಿದು, ಚಪ್ಪಲಿ ಬಿಟ್ಟು, ನಾಲ್ಕೂ ಹಣ್ಣನ್ನು ತನ್ನ ಹಿಮ್ಮಡದಿಂದ ಪಚಕ್ಕನೆ ಒಡೆದ. "ಡ್ರೈವರ್ ತುಳಿದ್ರ ಗಾಡಿ ತುಳಿದಂಗ," ಅಂದ.

ಆಕೆಗೆ ಸಮಾಧಾನವಾಗಲಿಲ್ಲ. ಕುಂಕುಮವಾದರೂ ಹಚ್ಚಬೇಕಲ್ಲ. ಗಾಡಿಯ ಹಣೆ ಎಲ್ಲಿ ಅಂತ ಹುಡುಕಿ, ಮುಂದುಗಡೆ ನಟ್ಟನಡುವೆ ಹೊಳೆಯುತ್ತಿದ್ದ ಗುಂಡನೆಯ ಗಾಜಿಗೆ ಹೆಬ್ಬೆರಳಿನಿಂದ ಒತ್ತಿ ಹಚ್ಚಿದಳು. ಅದು ಕ್ಯಾಮೆರಾ. ವ್ಯಾನು ಸ್ತಬ್ಧ. ಇಂಜಿನಿಯರ್ ಓಡಿ ಬಂದು ನೀರು ಹಾಕಿ ಒರೆಸಿದ ಮೇಲೆ, ಮೆಲ್ಲಗೆ ಗೇಟು ದಾಟಿ ಹೊರಟಿತು.

ಹೆಂಡತಿ ನನ್ನ ಕಡೆ ತಿರುಗಿದಳು. "ನೋಡ್ರಿ, ಮುಖ ತೊಳೆದ ಮ್ಯಾಲ ನಡೀತು. ಕೆಲವರು ಹಂಗರೀ. ನಮ್ಮನಿಯವರೂ ಅಷ್ಟ."

ಮೆಂತ್ಯ ಮತ್ತು ಕಾಯ್ದೆ

ಸುಮ್ಮನೆ ಕೂರುವುದು ಸುಲಭ ಅಂತ ಡ್ರೈವರ್ ತಿಳಿದಿದ್ದ. ಒಂದೇ ವಾರದಲ್ಲಿ ಆತನ ಕೈ ತುರಿಸತೊಡಗಿತು. ಎದುರಿಗೆ ಎಮ್ಮೆ ಬಂದರೆ ಬಲಗಾಲು ಬ್ರೇಕು ಬಿಟ್ಟು ಅದರ ಪಕ್ಕದ ನೆಲವನ್ನು ಒತ್ತುತ್ತಿತ್ತು. ಕಾಲಡಿಯ ಮ್ಯಾಟು ಸವೆದು ತೂತಾಯಿತು. ಹೆಂಡತಿಯೇ ಉಪಾಯ ಮಾಡಿದಳು. ಬೆಳಿಗ್ಗೆ ಹೊರಡುವಾಗ ಒಂದು ಚೀಲದಲ್ಲಿ ಮೆಂತ್ಯದ ಸೊಪ್ಪಿನ ಕಟ್ಟು ಕೊಟ್ಟು, ಸಂಜೆಯೊಳಗೆ ಸೋಸಿ ತರಲು ಹೇಳಿದಳು. ಅಂದಿನಿಂದ ಆತನ ಕೈ ಶಾಂತ.

ಹಾಗಿರುವಾಗ ಸೇಡಂ ರಸ್ತೆಯ ಒಂದು ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ನಮ್ಮ ವ್ಯಾನು ಬಿಳಿ ಗೆರೆಯ ಹಿಂದೆ ಅಚ್ಚುಕಟ್ಟಾಗಿ ನಿಂತಿತು. ಗೆರೆಯ ಹಿಂದೆ ಯಾರಾದರೂ ನಿಂತರೆ ಮುಂದೆ ಜಾಗ ಉಳಿಯುತ್ತದೆ; ಜಾಗ ಉಳಿದರೆ ನಮ್ಮೂರಿನಲ್ಲಿ ಅದು ಖಾಲಿ ಇರುವುದಿಲ್ಲ. ಬೈಕುಗಳು, ಎರಡು ಆಟೋ, ಪಪ್ಪಾಯಿ ತುಂಬಿದ ಒಂದು ತಳ್ಳುಗಾಡಿ ಬಂದು ಸೇರಿಕೊಂಡವು. ಹಸಿರು ಬಿದ್ದಾಗ ತಳ್ಳುಗಾಡಿಯವನು ಗಿರಾಕಿಗೆ ಚಿಲ್ಲರೆ ಎಣಿಸುತ್ತಿದ್ದ. ವ್ಯಾನು ಕಾಯಿತು. ಮತ್ತೆ ಕೆಂಪು. ಹಿಂದೆ ಹಾರ್ನುಗಳ ಮೇಳ ಶುರುವಾಯಿತು. ಟ್ರಾಫಿಕ್ ಪೊಲೀಸ್ ಬಂದ.

"ಗಾಡಿ ಕೆಟ್ಟದೇನು?"

"ಇಲ್ರಿ, ಕಾಯ್ದೆ ಪ್ರಕಾರ ನಿಂತದ," ಅಂದೆ ನಾನು ಹಿಂದಿನಿಂದ.

"ಕಾಯ್ದೆ ಪ್ರಕಾರ? ಈ ಹೊತ್ತಿನ್ಯಾಗ?"

ಆಮೇಲೆ ಡ್ರೈವರ್ ಕಡೆ ಬಗ್ಗಿ ನೋಡಿದ. ಆತನ ತೊಡೆಯ ಮೇಲೆ ಹಸಿರು ಸೊಪ್ಪಿನ ರಾಶಿ. "ಏ! ಗಾಡಿ ಹೊಡ್ಕೋತ ಪಲ್ಯಾ ಸೋಸಾಕತ್ತೀಯೇನು?"

"ಗಾಡಿ ನಾ ಹೊಡೆಯಾಕತ್ತಿಲ್ರಿ."

"ಮತ್ತ ಆ ಸೀಟಿನ್ಯಾಗ ಯಾಕ ಕುಂತೀದಿ?"

"ಕುಂದರಬೇಕಂತ ಆರ್ಡರ್ ಅದರಿ."

"ಕುಂತಮ್ಯಾಲ ನೀನ ಡ್ರೈವರ್. ಚಲನ್ ನಿನ್ನ ಹೆಸರಿಲೆ."

"ನಾ ಏನ ಮಾಡೀನ್ರಿ? ಕಾಯ್ದೆದಾಗ ಮೊಬೈಲ್ ಹಿಡೀಬಾರದು ಅಂತ ಅದ, ಮೆಂತಿ ಹಿಡೀಬಾರದು ಅಂತ ಎಲ್ಲಿ ಅದ? ಅಕ್ಕಾರ, ನೀವ ಹೇಳ್ರಿ."

ನಾನು ಕಾಯ್ದೆ ಓದಿ ಬದುಕುವವಳು. ಮೆಂತ್ಯದ ಬಗ್ಗೆ ಯಾವ ದೇಶದ ಕಾಯ್ದೆಯೂ ಬಾಯಿ ಬಿಟ್ಟಿಲ್ಲ. ಪರವಾನಗಿ ಪತ್ರ ತೋರಿಸಿದೆ. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಲಿನವರಿಗೆ ಫೋನು ಹಚ್ಚಿದ. ಆ ಕಡೆಯಿಂದ ಬಂದ ಅಪ್ಪಣೆ ನಮಗೂ ಕೇಳಿಸಿತು: "ಬುದ್ಧಿ ಹೇಳಿ ಕಳಸು."

ಯಾರಿಗೆ ಅಂತ ಅವರು ಹೇಳಲಿಲ್ಲ. ಸ್ವಲ್ಪ ಯೋಚನೆ ಮಾಡಿ, ಪೊಲೀಸಪ್ಪ ವ್ಯಾನಿನ ಎದುರಿಗೆ ಹೋಗಿ ನಿಂತ. ಒಂದು ಕೈ ಮೇಲೆತ್ತಿ, ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಭಾಷಣ ಶುರು ಮಾಡಿದ. "ನೋಡು, ಹೊಸದಾಗಿ ಬಂದೀದಿ. ಕಾಯ್ದೆ ಪಾಲಿಸು, ಬ್ಯಾಡ ಅನ್ನಂಗಿಲ್ಲ. ಆದ್ರ ನಾಲ್ಕು ಮಂದಿ ಜೋಡಿ ಹೊಂದಕೊಂಡು ಪಾಲಿಸಬೇಕು. ತಿಳೀತಿಲ್ಲ? ಹಾಂ, ಹೋಗಿನ್ನ."

ಹಸಿರು ಬಿತ್ತು. ವ್ಯಾನು ಅಲ್ಲಾಡಲಿಲ್ಲ.

"ಹೋಗು ಅಂದ್ನಲ್ಲ!"

ಡ್ರೈವರ್ ಕಿಟಕಿಯಿಂದ ತಲೆ ಹಾಕಿ ವಿನಯದಿಂದ ಹೇಳಿದ: "ಸಾಹೇಬ್ರ, ಎತ್ತಿದ ಕೈ ಇಳಿಸ್ರಿ. ಪೊಲೀಸ್ರು ಕೈ ಎತ್ತಿದ್ರ ಇದು ಹೋಗಂಗಿಲ್ಲ."

ಪೊಲೀಸಪ್ಪ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡ. ಇಳಿಸಿದ. ವ್ಯಾನು ಹೊರಟಿತು. ಪರೀಕ್ಷೆ ಮಾಡಲೆಂದು ಮತ್ತೆ ಎತ್ತಿದ. ನಿಂತಿತು. ಆತನ ಮುಖದಲ್ಲಿ ಹಬ್ಬದ ಕಳೆ ಬಂತು. "ಇಷ್ಟು ವರ್ಷ ನೌಕರಿ ಮಾಡೀನ್ರಿ, ಕೈ ಮಾಡಿದ ಕೂಡಲೆ ನಿಂತ ಗಾಡಿ ಇದೊಂದ!"

ಆಮೇಲೆ ಆ ಚೌಕದಲ್ಲಿ ನಾವು ಬೇಗ ದಾಟಿದ್ದೇ ಇಲ್ಲ. ದೂರದಿಂದ ವ್ಯಾನು ಕಂಡರೆ ಸಾಕು, ಆತ ಬರೀ ಸಂತೋಷಕ್ಕೆ ಒಂದು ಸಲ ಕೈ ಎತ್ತಿಯೇ ಬಿಡುತ್ತಿದ್ದ.

ಆಟೋದ ಕಾಲು

ಗಾಡಿ ತಿರುಗಿಸುವಾಗ ಕೈ ಸನ್ನೆ ಹೇಗೆ ಮಾಡಬೇಕು ಅಂತ ನಿಯಮಗಳಲ್ಲಿ ಚಿತ್ರಸಮೇತ ಇರುತ್ತದೆ. ಕಾಲಿನ ಬಗ್ಗೆ ಇರುವುದಿಲ್ಲ. ನಮ್ಮ ಆಟೋದವರು ಮಾತ್ರ ಕೈಯನ್ನು ಹ್ಯಾಂಡಲಿಗೆ ಮೀಸಲಿಟ್ಟು, ತಿರುಗಬೇಕಾದಾಗ ಹೊರಗೆ ಕಾಲು ಚಾಚುತ್ತಾರೆ. ಹಿಂದೆ ಬರುವ ಪ್ರತಿಯೊಬ್ಬರಿಗೂ ಅದು ತಿಳಿಯುತ್ತದೆ. ವ್ಯಾನಿಗೆ ತಿಳಿಯಲಿಲ್ಲ. ಓಡುವ ಆಟೋದಿಂದ ಮನುಷ್ಯನೊಬ್ಬ ರಸ್ತೆಗೆ ಹಾರುತ್ತಿದ್ದಾನೆ ಅಂತ ಅದು ಗಕ್ಕನೆ ನಿಂತುಬಿಡುತ್ತಿತ್ತು. ಒಂದೇ ಬೆಳಿಗ್ಗೆ ಹತ್ತಾರು ಮಂದಿಯ ಜೀವ ಉಳಿಸಿದೆನೆಂದು ಅದರ ಭಾವನೆ.

ಇಂಜಿನಿಯರ್ ಒಬ್ಬ ಆಟೋದವನನ್ನು ನಂದೂರಿಗೆ ಕರೆಸಿ, ಕ್ಯಾಮೆರಾದ ಮುಂದೆ ಕಾಲು ಚಾಚಲು ಹೇಳಿದ.

ಆತ ಪ್ಯಾಂಟು ಸರಿಮಾಡಿಕೊಂಡು ಕೂತ. "ಪಾದ ಅಷ್ಟ ಹೊರಗ ಬಂದ್ರ ಸಾವಕಾಶ ಆಗಾಕತ್ತೀನಿ ಅಂತ ಅರ್ಥರಿ. ಮಣಕಾಲತನಕ ಬಂದ್ರ ತಿರುಗಾಕತ್ತೀನಿ ಅಂತ."

ಇಂಜಿನಿಯರ್ ಖುಷಿಯಿಂದ ಎಲ್ಲವನ್ನೂ ಗಾಡಿಗೆ ಕಲಿಸಿದ. "ಮತ್ತ ಒಮ್ಮೊಮ್ಮೆ ಕಾಲು ಹೊರಗ ಹಾಕಿ ಹಂಗ ಅಲ್ಲಾಡಸ್ತೀರಲ್ಲ, ಅದು?"

"ಅದು ಗಾಳಿಗೆ ಬಿಟ್ಟದ್ದು."

"ಗಾಳಿಗೆ ಬಿಟ್ಟದ್ದೋ ತಿರುಗಾಕತ್ತದ್ದೋ ಅಂತ ಹಿಂದಿನವ್ರು ಹ್ಯಾಂಗ ತಿಳ್ಕೋಬೇಕು?"

ಆಟೋದವನು ಮೊದಲ ಬಾರಿಗೆ ತನ್ನ ಕಾಲನ್ನು ಗಂಭೀರವಾಗಿ ನೋಡಿಕೊಂಡ. "ಅದು ಒಮ್ಮೊಮ್ಮೆ ತಿರುಗಿದ ಮ್ಯಾಲನ ನಮಗೂ ಗೊತ್ತಾಗ್ತದ್ರಿ."

ಹನ್ನೊಂದನೆಯವರು

ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕೆಂಪು ಬಾಳೆಹಣ್ಣು ಮಾರುವ ಒಬ್ಬ ಅವ್ವ ಇದ್ದಾಳೆ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಗಾಯವಾಗಿ, ಆಗಾಗ ಸೇಡಂ ರಸ್ತೆಯ ಆಸ್ಪತ್ರೆಗೆ ಪಟ್ಟಿ ಕಟ್ಟಿಸಿಕೊಳ್ಳಲು ಹೋಗಬೇಕು. ನಮ್ಮ ಮೊದಲ ಪ್ರಯಾಣಿಕಳು ಆಕೆಯೇ.

ಆವತ್ತು ಆಕೆ ಒಬ್ಬಳೇ ಬರಲಿಲ್ಲ. ಅಕ್ಕಪಕ್ಕದವರು, ಬೀಗರು, ಬೀಗರ ಪೈಕಿಯವರು, ಎಲ್ಲರೂ ಬಂದರು. ಅವ್ವನ ಜೊತೆ ಆಸ್ಪತ್ರೆಗೆ ಹೋಗದಿದ್ದರೆ ನಾಳೆ ಮುಖ ತೋರಿಸುವುದು ಹೇಗೆ? ನಾನು ಕೆಳಗೆ ನಿಂತು ಹತ್ತಿಸಿದೆ. ಡ್ರೈವರ್ ಬಿಟ್ಟು ಹತ್ತು ಸೀಟು, ಒಳಗೆ ಹನ್ನೊಂದು ಮಂದಿ. ವ್ಯಾನು ಬಾಗಿಲು ಹಾಕಲಿಲ್ಲ. ಒಬ್ಬರು ಇಳಿಯಬೇಕು ಅಂತ ಮೆತ್ತಗಿನ ಹೆಣ್ಣುದನಿಯಲ್ಲಿ ಹೇಳುತ್ತಲೇ ಇತ್ತು.

"ಯಾರದು ಒಳಗ ಒದರಾಕತ್ತಾಳ? ಆಕೀನ ಇಳಸ್ರಿ," ಅಂದರು ಒಬ್ಬರು.

ಡ್ರೈವರನಿಗೆ ನಗು ತಡೆಯಲಾಗಲಿಲ್ಲ. "ನನ್ನ ಕ್ರೂಸರ್‌ನ್ಯಾಗ ಇಷ್ಟು ಮಂದಿ ಇದ್ರ ಖಾಲಿ ಹೊಂಟೀನಿ ಅಂತಿದ್ದೆ. ಈಗ ಕಾಯ್ದೆರಿ. ಒಬ್ರು ಇಳೀಲೇಬೇಕು."

ವಾದ ಶುರುವಾಯಿತು. ಬೀಗರನ್ನು ಇಳಿಸಿದರೆ ಮರ್ಯಾದೆ ಹೋಗುತ್ತದೆ. ಪಕ್ಕದ ಮನೆಯವರನ್ನು ಇಳಿಸಿದರೆ ಸಿಟ್ಟು. ಮೊಣಕಾಲು ನೋವಿನ ಒಬ್ಬ ಅಜ್ಜನಿಗೆ ಹತ್ತಿದ್ದೇ ದೊಡ್ಡದು, ಇಳಿಯುವ ಮಾತೇ ಇಲ್ಲ. ಹೊತ್ತು ಏರುತ್ತಿತ್ತು. ಮೂಲೆಯಲ್ಲಿ ಕಾಲು ನೀಡಿ ಕೂತಿದ್ದ ಅವ್ವ ಬೇಸತ್ತು ಎದ್ದಳು.

"ಹೋಗ್ಲಿ ಬಿಡ್ರೆವ್ವ, ಜಗಳ ಬ್ಯಾಡ. ನಾನ ಇಳೀತೀನಿ. ನೀವೆಲ್ಲ ಹೋಗಿ ಡಾಕ್ಟರ್‌ನ ಕಂಡು ಬರ್ರಿ."

ಕಡಲೆ ರಾಶಿ

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಬೇರೆ ಊರಿನವರು. ನಗುವುದು ಕೆಲಸದ ಸಮಯದಲ್ಲಿ ನಿಷಿದ್ಧ ಎನ್ನುವಂಥ ಮುಖ. ಬಾಡಿಗೆ ಜೀಪಿನಲ್ಲಿ ಕಮಲಾಪುರಕ್ಕೆ ಬಂದಿಳಿದು, ಜೀಪಿನವನಿಗೆ ಚಹಾ ಕುಡಿದು ನಮ್ಮ ಹಿಂದೆಯೇ ಬರಲು ಹೇಳಿ, ವ್ಯಾನಿನಲ್ಲಿ ಡ್ರೈವರನ ಪಕ್ಕ ಕೂತರು. ಅವರ ಕಣ್ಣು ರಸ್ತೆಯ ಮೇಲಿಲ್ಲ, ಡ್ರೈವರನ ಕೈಗಳ ಮೇಲೆ.

ಮೆಂತ್ಯ ಬೇಡ ಅಂತ ನಾನೇ ತಾಕೀತು ಮಾಡಿದ್ದೆ. ಪಾಪ, ಆತ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಹೊಸ ಅಂಗಿ ಹಾಕಿದ್ದ; ಬೆನ್ನು ಆಗಲೇ ಒದ್ದೆ. ಹಿಂದೆ ನಾನು, ಇಂಜಿನಿಯರ್, ಬಾಳೆಹಣ್ಣಿನ ಅವ್ವ. ಈ ಸಲ ಆಕೆಯ ಜೊತೆ ಒಂದೇ ಒಂದು ಬುಟ್ಟಿ.

ಊರು ದಾಟುವ ಮೊದಲೇ, ಒಂದು ತಿರುವಿನಲ್ಲಿ ವ್ಯಾನು ನಿಂತಿತು. ಎದುರಿಗೆ ರಸ್ತೆಯ ಅಗಲಕ್ಕೂ ಕಡಲೆ ಗಿಡ ಹಾಸಿತ್ತು. ನಮ್ಮ ಕಡೆ ರಾಶಿ ಮಾಡುವ ರೀತಿಯೇ ಅದು. ಕಿತ್ತು ತಂದ ಒಣ ಗಿಡಗಳನ್ನು ಡಾಂಬರಿನ ಮೇಲೆ ಹರವಿ ಬಿಡುತ್ತಾರೆ. ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸುತ್ತವೆ. ನಾಲ್ಕು ನಿಂಬೆಹಣ್ಣು ತುಳಿಯದ ಗಾಡಿ ಒಂದು ಹೊಲದ ಕಡಲೆ ತುಳಿದೀತೇ?

ಕಡಲೆಯ ಒಡತಿ ಬದುವಿನಿಂದ ಎದ್ದು, ಸೊಂಟಕ್ಕೆ ಕೈಯಿಟ್ಟು ಬಂದಳು. "ಯಾಕ ನಿಂತ್ರಿ? ನಡಸ್ರಿ, ನಡಸ್ರಿ!"

"ಅದು ತುಳಿಯಂಗಿಲ್ಲವ್ವ," ಅಂದ ಡ್ರೈವರ್.

"ಎಲ್ಲಾರೂ ತುಳೀತಾರ, ನಿಂದೇನು ಮಡಿ ಗಾಡಿಯೇನು? ಒಂದೀಟು ಸ್ಟಿಯರಿಂಗ್ ಹಿಡಿ, ಎಕ್ಸಲೇಟರ್ ಒತ್ತು. ಡ್ರೈವರ್ ಹೌದೋ ಅಲ್ಲೋ ನೀ?"

ಅಷ್ಟು ವರ್ಷ ಆ ರಸ್ತೆಯನ್ನು ಆಳಿದವನಿಗೆ ಆಡಬಾರದ ಮಾತು ಅದು. ತೊಡೆಯ ಕೆಳಗಿನಿಂದ ಬಲಗೈ ಹೊರಗೆ ಬಂತು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಕೈ ಮೇಲೆದ್ದು, ಸ್ಟಿಯರಿಂಗಿಗೆ ಒಂದು ಬೆರಳಿನಷ್ಟು ಹತ್ತಿರ ಹೋಯಿತು. ಇಂಜಿನಿಯರ್ ಕಣ್ಣು ಮುಚ್ಚಿಕೊಂಡ.

"ಕೈ!" ಅಂತ ಗದರಿದಳು ಹಿಂದಿನಿಂದ ಬಾಳೆಹಣ್ಣಿನ ಅವ್ವ, ಒಲೆಯ ಹತ್ತಿರ ಹೋದ ಕೂಸಿಗೆ ಗದರುವ ಹಾಗೆ.

ಡ್ರೈವರ್ ಬೆಚ್ಚಿ ಎರಡೂ ಕೈಯನ್ನು ತಲೆಯ ಮೇಲೆ ಎತ್ತಿಬಿಟ್ಟ. ಅದೇ ಹೊತ್ತಿಗೆ ಹಿಂದಿನಿಂದ ಢಬ್ ಅಂತ ಸದ್ದಾಯಿತು. ವ್ಯಾನು ಒಂದು ಸಲ ಕುಲುಕಿತು. ಬುಟ್ಟಿಯ ಬಾಳೆಹಣ್ಣು ಪರೀಕ್ಷಕರ ಕಾಲಬುಡಕ್ಕೆ ಉರುಳಿದವು.

"ನಾ ಮುಟ್ಟಿಲ್ರಿ!" ಎತ್ತಿದ ಕೈ ಎತ್ತಿದ ಹಾಗೇ ಡ್ರೈವರ್ ಕೂಗಿದ. "ಸಾಹೇಬ್ರ, ನೋಡ್ರಿ, ಎರಡೂ ಕೈ ಇಲ್ಲೇ ಅವ! ನಾ ಮುಟ್ಟಿಲ್ರಿ!"

ಇಳಿದು ನೋಡಿದರೆ, ಪರೀಕ್ಷಕರ ಜೀಪೇ ನಮಗೆ ಗುದ್ದಿತ್ತು. ಯಾರಿಗೂ ಏನೂ ಆಗಿರಲಿಲ್ಲ; ಜೀಪಿನ ಮೂತಿ ಮಾತ್ರ ಒಳಗೆ ಹೋಗಿತ್ತು.

"ಮುಂದ ಗಾಡಿ ನಿಂತದ್ದು ಕಾಣಲಿಲ್ಲೇನು?" ಅಂತ ಪರೀಕ್ಷಕರು ತಮ್ಮ ಜೀಪಿನವನ ಮೇಲೆ ಹರಿಹಾಯ್ದರು.

"ಕಂಡ್ತರಿ. ಕಡಲಿನೂ ಕಂಡ್ತು," ಅಂದ ಆತ, ಅನ್ಯಾಯವಾದದ್ದು ತನಗೇ ಎನ್ನುವ ಹಾಗೆ. "ಕಡಲಿ ಹಾಸಿದ್ದು ಕಂಡ್ರ ಯಾರರ ನಿಲ್ತಾರೇನ್ರಿ? ಎಲ್ಲಾರೂ ಜೋರು ಮಾಡ್ತಾರ. ಇದೂ ಮಾಡ್ತದ ಅಂತ ನಾನೂ ಜೋರು ಮಾಡಿದೆ!"

"ಖರೇ ಅದರಿ. ತಪ್ಪು ನಿಂತವ್ರದು," ಅಂತ ತೀರ್ಪು ಕೊಟ್ಟಳು ಕಡಲೆಯ ಒಡತಿ.

ಪರೀಕ್ಷಕರು ನನ್ನ ಕಡೆ ನೋಡಿದರು. ನಾನು ಕಾಯ್ದೆ ಹೇಳಿದೆ: ಮುಂದಿನ ಗಾಡಿ ಗಕ್ಕನೆ ನಿಂತರೂ ಗುದ್ದದಷ್ಟು ಅಂತರವನ್ನು ಹಿಂದಿನವರು ಕಾಯಬೇಕು, ತಪ್ಪು ಜೀಪಿನದು. ರಸ್ತೆಯ ಮೇಲೆ ರಾಶಿ ಮಾಡುವುದೂ ತಪ್ಪೇ. ಅಲ್ಲಿ ನೆರೆದ ಅಷ್ಟು ಮಂದಿಯಲ್ಲಿ, ಅಷ್ಟು ಗಾಡಿಗಳಲ್ಲಿ, ಕಾಯ್ದೆಯ ಪ್ರಕಾರ ಏನೂ ತಪ್ಪು ಮಾಡದೆ ನಿಂತಿದ್ದು ನಮ್ಮ ವ್ಯಾನು, ಮತ್ತು ಇನ್ನೂ ಕೈ ಇಳಿಸದೆ ಒಳಗೆ ಕೂತಿದ್ದ ಡ್ರೈವರ್.

ಒಡತಿ ಕಾಯ್ದೆಗೆ ಹೆದರುವವಳಲ್ಲ. "ಬರಕೊಳ್ಳೋದು ಆಮ್ಯಾಲ ಬರಕೊಳ್ರಿ. ಮೊದಲ ದಾರಿ ಮಾಡಕೊಳ್ರಿ." ಡ್ರೈವರ್ ಬಿಟ್ಟು ನಾವೆಲ್ಲ ಇಳಿದು ಬಗ್ಗಿದೆವು. ಪರೀಕ್ಷಕರೂ ತೋಳು ಮಡಚಿ ಬಗ್ಗಿದರು. ಒಂದು ಪಟ್ಟಿಯಷ್ಟು ಗಿಡ ಸರಿಸಿದ ಮೇಲೆ, ವ್ಯಾನು ಒಂದು ಕಾಳೂ ತುಳಿಯದೆ ಮದುಮಗಳ ಹಾಗೆ ದಾಟಿತು. ಒಡತಿ ನಮ್ಮನ್ನು ಬಿಡಲಿಲ್ಲ. ಸರಿಸಿದ್ದನ್ನೆಲ್ಲ ನಮ್ಮ ಕೈಯಿಂದಲೇ ವಾಪಸು ಹಾಸಿಸಿದಳು. ಮೂತಿ ಜಜ್ಜಿದ ಜೀಪು ಚರಚರ ತುಳಿದುಕೊಂಡು ಹಿಂದೆ ಬಂತು.

"ಇದಪ್ಪಾ ಗಾಡಿ ಅಂದ್ರ!" ಅಂದಳು.

ಸೇಡಂ ರಸ್ತೆ ತಲುಪಿದಾಗ ನಮ್ಮ ಪೊಲೀಸಪ್ಪ ಎಂದಿನಂತೆ ಕೈ ಎತ್ತಿ ನಿಲ್ಲಿಸಿದ. ಒಳಗೆ ಇನ್ನೂ ಕೈ ಎತ್ತಿಯೇ ಕೂತಿದ್ದ ಡ್ರೈವರನನ್ನು ಕಂಡು, ತನಗೆ ಪ್ರತಿನಮಸ್ಕಾರ ಅಂತ ತಿಳಿದು ನಕ್ಕ. ಪರೀಕ್ಷಕರು ಪೆನ್ನಿಗೆ ಮುಚ್ಚಳ ಹಾಕಿ ಇಳಿದು ಹೋದರು. ಹೋಗುವಾಗ ಕೈಯಲ್ಲಿ ಅವ್ವ ಕೊಟ್ಟ ಎರಡು ಕೆಂಪು ಬಾಳೆಹಣ್ಣು ಇದ್ದವು. ಪಾಸೋ ನಪಾಸೋ ಅದರಿಂದ ತಿಳಿಯಲಿಲ್ಲ.

ಕೆಲವು ವಾರಗಳ ಮೇಲೆ ಆದೇಶ ಬಂತು. ಗಾಡಿ ಪಾಸು. ನಾನು ಶೆಡ್ಡಿನಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಮೊದಲನೆಯ ಶರತ್ತು: ಮುಂದಿನ ಆದೇಶದವರೆಗೆ ಡ್ರೈವರ್ ಸೀಟಿನಲ್ಲಿ ಇದೇ ವ್ಯಕ್ತಿ ಕೂರಬೇಕು, ಏನನ್ನೂ ಮುಟ್ಟಕೂಡದು. ಡ್ರೈವರ್ ಹಾರಿ ಕುಣಿಯಲು ಹೋಗಿ ಸೊಂಟ ಹಿಡಿದುಕೊಂಡು ನಿಂತ. ಆತನ ಹೆಂಡತಿ ಆಗಲೇ ಮೆಂತ್ಯದ ಎರಡು ಕಟ್ಟು ಬಿಚ್ಚುತ್ತಿದ್ದಳು.

"ಎರಡನೇದ್ದು ಓದ್ರಿ ಅಕ್ಕಾರ," ಅಂದ.

ಎರಡನೆಯದು ಗಾಡಿಯ ಹಿಂದೆ ಹಾಕಬೇಕಾದ ಬೋರ್ಡಿನ ಬಗ್ಗೆ. ಇಷ್ಟು ದೇಶ ತಿರುಗಿದ್ದೇನೆ, ಗಾಡಿಗಳ ಹಿಂದೆ ಏನೇನೋ ಬರೆದದ್ದು ಓದಿದ್ದೇನೆ. ಇಂಥದ್ದನ್ನು ಎಲ್ಲೂ ಕಂಡಿಲ್ಲ. ಈಗ ಕಮಲಾಪುರದಿಂದ ಸೇಡಂ ರಸ್ತೆಯವರೆಗೆ ದಿನಾ ಓಡುತ್ತಿದೆ, ನೀವೂ ನೋಡಬಹುದು. ಕೆಂಪು ಬಣ್ಣ, ಗೇಣುದ್ದದ ಅಕ್ಷರ:

"ಎಚ್ಚರಿಕೆ! ಈ ವಾಹನ ಸಂಚಾರ ನಿಯಮಗಳನ್ನು ಪಾಲಿಸುತ್ತದೆ. ದೂರ ಇರಿ."